ಫೆಬ್ರವರಿಯ ಲಡಾಖ್‌ನಲ್ಲಿ ಪೈಪು ಕಾಯುವವರು

ಚಳಿಗಾಲದಲ್ಲಿ ಲಡಾಖ್‌ಗೆ ಹೊರಟೆ ಅಂದರೆ ಎಲ್ಲರದೂ ಒಂದೇ ಪ್ರಶ್ನೆ: ಹೆಪ್ಪುಗಟ್ಟಿದ ಜಂಸ್ಕಾರ್ ನದಿಯ ಮೇಲೆ ನಡೆಯೋಕಾ? ನನಗೆ ಆ ಆಸೆ ಇರಲಿಲ್ಲ. ಚಳಿಗಾಲದ ನೀರನ್ನು ಗೋಪುರದಂತೆ ಹೆಪ್ಪುಗಟ್ಟಿಸಿ ವಸಂತದ ಬಿತ್ತನೆಗೆ ಉಳಿಸುವ ಐಸ್ ಸ್ತೂಪ, ಅದನ್ನು ಕಟ್ಟುವ ಹುಡುಗ ಹುಡುಗಿಯರನ್ನು ನೋಡಬೇಕಿತ್ತು. ಸ್ತೂಪದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಬೋಳು ಬೆಟ್ಟಗಳ ನಡುವೆ ಮಹಡಿ ಮನೆಗಿಂತ ಎತ್ತರದ ಬಿಳಿ ಗೋಪುರ, ತುದಿಯಲ್ಲಿ ಬಣ್ಣದ ಪತಾಕೆಗಳು. ಫೋಟೋ ಚೆನ್ನಾಗಿ ಬರುತ್ತೆ. ಆದರೆ ಅದು ಎದ್ದು ನಿಲ್ಲೋದು ರಾತ್ರಿ ಹೊತ್ತು. ಆಗ ಅಲ್ಲಿ ಯಾರಿರುತ್ತಾರೆ ಅನ್ನೋದೇ ನನ್ನ ಕುತೂಹಲ.

ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಬಂದವರು ಮೊದಲ ದಿನ ಸುಮ್ನೆ ಮಲಗಿರಬೇಕು. ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಹೆಚ್ಚಿನ ಹೋಟೆಲ್‌ಗಳು ಬಾಗಿಲು ಹಾಕಿದ್ದವು. ನಲ್ಲಿ ತಿರುಗಿಸಿದರೆ ಗಾಳಿಯೂ ಬರಲ್ಲ, ಪೈಪಿನೊಳಗೆ ನೀರು ಗಟ್ಟಿಯಾಗಿರುತ್ತೆ. ಬಕೆಟ್ ನೀರು, ಬುಖಾರಿ ಒಲೆ, ಎರಡು ರಜಾಯಿ. ಇಷ್ಟರಲ್ಲಿ ದಿನ ಕಳೆಯೋದು ಅಂಥ ಕಷ್ಟವೇನಲ್ಲ.

ನನ್ನನ್ನು ಕರೆದೊಯ್ದ ಹುಡುಗ ಬೇಸಿಗೆಯಲ್ಲಿ ಪ್ಯಾಂಗಾಂಗ್ ಸರೋವರಕ್ಕೆ ಟ್ಯಾಕ್ಸಿ ಓಡಿಸುತ್ತಾನೆ. ನವೆಂಬರ್ ಬಂತೆಂದರೆ ಬಾಡಿಗೆ ಇಲ್ಲ. ಆಗ ತನ್ನೂರಿಗೆ ಹೋಗಿ ಸ್ತೂಪದ ತಂಡ ಸೇರಿಕೊಳ್ಳುತ್ತಾನೆ. ನನ್ನನ್ನು 'ಆಚೋ' ಅಂತಿದ್ದ, ಅಣ್ಣ ಅಂತ. ಹಿಂದಿಯಲ್ಲಿ ಮಾತು, ನಡುವೆ ಲಡಾಖಿ ಹಾಡು.

ಮೊದಲು ಸಿಂಧೂ ದಡದ ಫೇ ಹಳ್ಳಿಗೆ ಹೋದೆವು. ಸೆಕ್ಮೋಲ್ ಸಂಸ್ಥೆಯ ಶಾಲೆ ಇರುವುದು ಇಲ್ಲೇ. ಕಾಲೇಜು ಓದಿ ಬಂದ ಕೆಲವು ಲಡಾಖಿ ಯುವಕರು ಸೇರಿ 1988ರಲ್ಲಿ ಆ ಸಂಸ್ಥೆ ಕಟ್ಟಿದ್ದು, ಸೋನಮ್ ವಾಂಗ್ಚುಕ್ ಅವರಲ್ಲೊಬ್ಬರು. ದಪ್ಪ ಮಣ್ಣಿನ ಗೋಡೆಗಳು, ದಕ್ಷಿಣಕ್ಕೆ ದೊಡ್ಡ ಕಿಟಕಿಗಳು. ಹೊರಗೆ ಎಲ್ಲ ಹೆಪ್ಪುಗಟ್ಟಿದ್ದರೂ ಒಳಗೆ ಬಿಸಿಲಿನ ಶಾಖದಲ್ಲೇ ಬೆಚ್ಚಗಿತ್ತು. ಸೇತುವೆಯೊಂದರ ನೆರಳಲ್ಲಿ ಮೇ ತಿಂಗಳಲ್ಲೂ ಐಸ್ ಕರಗದೆ ಉಳಿದದ್ದನ್ನು ಕಂಡು ವಾಂಗ್ಚುಕ್‌ಗೆ ಸ್ತೂಪದ ಯೋಚನೆ ಹೊಳೆಯಿತಂತೆ. 2013-14ರ ಚಳಿಗಾಲದಲ್ಲಿ ಶಾಲೆಯ ಮಕ್ಕಳ ಜೊತೆ ಸೇರಿ ಮೊದಲನೆಯದನ್ನು ಕಟ್ಟಿದರು. ಸುಮಾರು ಒಂದೂವರೆ ಲಕ್ಷ ಲೀಟರ್ ನೀರಿನ ಐಸ್, ಮೇ ನಡುವಿನ ತನಕ ನಿಂತಿತು. ಮುಂದಿನ ವರ್ಷ ಪಕ್ಕದ ಫ್ಯಾಂಗ್‌ನಲ್ಲಿ ಜನರಿಂದ ಹಣ ಕೂಡಿಸಿ, ಎರಡು ಕಿಲೋಮೀಟರ್‌ಗೂ ಜಾಸ್ತಿ ಪೈಪು ಹಾಕಿ, ದೊಡ್ಡದಾಗಿ ಕಟ್ಟಿದರು.

ಇದಕ್ಕೂ ಹಿಂದೆ ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರ್ 1980ರ ದಶಕದಿಂದಲೇ ಎತ್ತರದ ನೆರಳಿನ ಕಣಿವೆಗಳಲ್ಲಿ ನೀರು ನಿಲ್ಲಿಸಿ ಕೃತಕ ಹಿಮನದಿ ಮಾಡುತ್ತಿದ್ದರು. ಅದು ಹಾಳೆಯಂತೆ ಹರಡುವ ಐಸ್, ಊರಿನ ಹತ್ತಿರ ಬಿಸಿಲಲ್ಲಿ ಉಳಿಯದು. ಶಂಕುವಿನಂತೆ ಮೇಲಕ್ಕೆ ಕಟ್ಟಿದರೆ ಬಿಸಿಲಿಗೆ ಸಿಗುವ ಮೈ ಕಡಿಮೆ. ಹೊಲದ ಪಕ್ಕದಲ್ಲೇ ಕಟ್ಟಬಹುದು. ಪಂಪು ಬೇಕಿಲ್ಲ, ಕರೆಂಟು ಬೇಕಿಲ್ಲ. ತೊರೆಯ ಮೇಲ್ಭಾಗದಿಂದ ಪೈಪಿನಲ್ಲಿ ನೀರು ತಂದರೆ ಅದು ತನ್ನ ಒತ್ತಡಕ್ಕೇ ಕಾರಂಜಿಯಾಗಿ ಚಿಮ್ಮುತ್ತೆ. ಕೆಳಗೆ ಬೀಳುವಷ್ಟರಲ್ಲಿ ಅರೆಬರೆ ಐಸ್ ಆಗಿ, ಮುಳ್ಳುಕಂಟಿ ಹೊದಿಸಿದ ಚೌಕಟ್ಟಿಗೆ ಅಂಟಿಕೊಳ್ಳುತ್ತೆ.

ಮರುದಿನ ಪೂರ್ವದ ಕಡೆ ಹೊರಟೆವು. ಉಪ್ಶಿಯಲ್ಲಿ ಸಿಂಧೂ ನದಿಯನ್ನು ಬಿಟ್ಟು ಮನಾಲಿ ರಸ್ತೆ ಗ್ಯಾ ಕಣಿವೆಗೆ ತಿರುಗುತ್ತದೆ. ಬಂಡೆಗಳು ಇಲ್ಲಿ ನೇರಳೆ, ಕೆಂಪು. ಮಿರು ದಾಟಿ ಮೇಲಕ್ಕೆ ಹೋದರೆ ಲಡಾಖ್‌ನ ತೀರಾ ಹಳೆಯ ಊರುಗಳಲ್ಲಿ ಒಂದಾದ ಗ್ಯಾ. 2014ರ ಆಗಸ್ಟ್‌ನಲ್ಲಿ ಈ ಊರಿನ ಮೇಲಿನ ಹಿಮಸರೋವರ ಒಡೆದು ಹೊಲ, ಸೇತುವೆಗಳು ಕೊಚ್ಚಿಹೋಗಿದ್ದವು. ಆಗಸ್ಟ್‌ನಲ್ಲಿ ಬೇಡದ ನೀರು, ಏಪ್ರಿಲ್‌ನಲ್ಲಿ ಬಿತ್ತನೆಗೂ ಇಲ್ಲ. ಇಡೀ ವರ್ಷಕ್ಕೆ ಲೇಹ್ ಕಡೆ ಬೀಳುವ ಮಳೆಯೇ ಸುಮಾರು 100 ಮಿಲಿಮೀಟರ್. ಜವೆಗೋಧಿ ಬಿತ್ತುವುದು ಹಿಮ ಕರಗಿದ ನೀರನ್ನೇ ನಂಬಿ. ಹಿಮನದಿಗಳು ಹಿಂದೆ ಸರಿದಿವೆ, ಚಳಿಗಾಲದ ಹಿಮವನ್ನೂ ಮೊದಲಿನಂತೆ ನಂಬುವ ಹಾಗಿಲ್ಲ. ತೊರೆ ತುಂಬಿ ಬರುವಷ್ಟರಲ್ಲಿ ಜೂನ್ ಆಗಿರುತ್ತೆ. ಉಪ್ಶಿ ಹತ್ತಿರದ ಕುಲುಮ್‌ನಲ್ಲಿ ನೀರಿಲ್ಲದೆ ಜನ ಮನೆಗಳಿಗೆ ಬೀಗ ಹಾಕಿಕೊಂಡು ಹೋಗಿದ್ದುಂಟು.

ನಾವು ಉಳಿದ ಹಳ್ಳಿಯ ಹೆಸರು ಬರೆಯಲ್ಲ, ಕಾರಣ ಮುಂದೆ ಗೊತ್ತಾಗುತ್ತೆ. ಸ್ತೂಪ ಆಗಲೇ ಮೂರಾಳು ಎತ್ತರ ಇತ್ತು. ಪಕ್ಕದಲ್ಲೊಂದು ಡೇರೆ. ಒಳಗೆ ಸಗಣಿ ಬೆರಣಿಯ ಒಲೆ, ಕೆಟಲ್, ಎಂಟ್ಹತ್ತು ಜನ. ಯಾರೂ ಇಪ್ಪತ್ತೈದು ದಾಟಿದಂತೆ ಕಾಣಲಿಲ್ಲ. ಪಾಳಿ ಹಂಚುತ್ತಿದ್ದವಳು ಜಮ್ಮುವಿನಲ್ಲಿ ಡಿಗ್ರಿ ಓದುವ ಹುಡುಗಿ, ರಜೆಗೆ ಬಂದಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ತಾಪಮಾನ, ಕಾರಂಜಿಯ ಎತ್ತರ, ಕಾಯುವವರ ಹೆಸರು. ಆ ರಾತ್ರಿಯ ಮೊದಲ ಸಾಲು: ಮೈನಸ್ 17.

ಕೆಲಸ ಏನು ಅಂದರೆ, ಪೈಪಿನ ಜೊತೆ ಮೇಲಕ್ಕೆ ನಡೆಯುವುದು. ಟಾರ್ಚು ಹಿಡಿದು, ಅಲ್ಲಲ್ಲಿ ಕೂತು, ಟೋಪಿ ಸರಿಸಿ ಕಿವಿ ಇಟ್ಟು ಕೇಳುವುದು. ಹರಿವ ಸದ್ದು ಸರಿಯಿದ್ದರೆ ಮುಂದಕ್ಕೆ. ಹರಿಯುವ ನೀರು ಬೇಗ ಗಟ್ಟಿಯಾಗಲ್ಲ. ಹರಿವು ಸ್ವಲ್ಪ ಕುಂಟಿದರೆ ಸಾಕು, ಒಂದು ಕಡೆ ಹಿಡಿದುಕೊಂಡದ್ದು ಇಡೀ ಸಾಲಿಗೆ ಹಬ್ಬುತ್ತೆ. ಆಮೇಲೆ ವಸಂತದವರೆಗೆ ಆ ಪೈಪು ಕೆಲಸಕ್ಕಿಲ್ಲ.

ಎರಡು ಗಂಟೆಯ ಸುಮಾರಿಗೆ ಮೇಲಿಂದ ಸಿಳ್ಳೆ ಕೇಳಿತು. ಡೇರೆಯಲ್ಲಿದ್ದವರೆಲ್ಲ ಎದ್ದೋಡಿದರು. ಪೈಪು ನೆಲದಿಂದ ಹೊರಗೆ ಬಂದು ಬಂಡೆ ಬಳಸುವ ಜಾಗ, ಅಲ್ಲೊಂದು ಜೋಡಣೆ ಹಿಡಿದುಕೊಂಡಿತ್ತು. ಚಹಾಕ್ಕೆ ಕಾಯಿಸಿದ ನೀರನ್ನೇ ತಂದು ಸುರಿದರು. ಇಬ್ಬರು ತಿರುಚಿದರು, ಬಿಚ್ಚಲಿಲ್ಲ. ಒದ್ದೆ ಕೈಗವಸು ಕ್ಲಾಂಪಿಗೆ ಅಂಟಿತು. ಒಬ್ಬ ಅದನ್ನು ಕಿತ್ತೆಸೆದು ಬರಿಗೈಯಲ್ಲೇ ಹಿಡಿದ. ಮತ್ತೊಂದು ಕೆಟಲ್ ಬಂತು. ಕೊನೆಗೆ ಜೋಡಣೆ ಸಡಿಲಾಗಿ, ಒಳಗಿಂದ ಕಬ್ಬಿನ ಜಲ್ಲೆಯಂಥ ಉದ್ದನೆ ಐಸ್ ಜಾರಿ ಹೊರಗೆ ಬಿತ್ತು. ಹಿಂದೆಯೇ ನೀರು ನುಗ್ಗಿ ಮೂವರ ಪ್ಯಾಂಟು ತೋಯಿಸಿತು. ನಕ್ಕಿದ್ದೇ ನಕ್ಕಿದ್ದು. ಡೇರೆಗೆ ಬರುವಷ್ಟರಲ್ಲಿ ಪ್ಯಾಂಟುಗಳು ತಗಡಿನ ಹಾಗೆ ಸೆಟೆದಿದ್ದವು. ಚಹಾ ಮಾತ್ರ ಯಾರಿಗೂ ಸಿಗಲಿಲ್ಲ.

ಹವಾಮಾನ ನೋಡಿಕೊಂಡು ತಾನಾಗಿ ನೀರು ಏರಿಳಿಸುವ ಯಂತ್ರಗಳ ಪ್ರಯೋಗವೂ ನಡೆದಿದೆ. ಅವು ಎಲ್ಲ ಊರಿಗೆ ಬರುವ ತನಕ ಕಿವಿಯೇ ಗತಿ. ನನಗೆ ಕಂಡದ್ದು ಇಷ್ಟು: ಸ್ತೂಪಕ್ಕೆ ನೀರಿಗಿಂತ ಮೊದಲು ಬೇಕಾಗಿರುವುದು ಚಳಿಗಾಲದಲ್ಲಿ ಊರಲ್ಲಿರುವ ಯುವಕರು. ಟ್ಯಾಕ್ಸಿಗೆ ಬಾಡಿಗೆ ಇಲ್ಲ, ಕಾಲೇಜಿಗೆ ರಜೆ, ಅದಕ್ಕೇ ಇವರು ಇಲ್ಲಿದ್ದಾರೆ. ಚಳಿಗಾಲದ ಪ್ರವಾಸ ಬೆಳೆದರೆ ಈ ಡೇರೆ ಖಾಲಿಯಾಗಬಹುದು, ಅಲ್ವಾ? ಕೇಳಿದೆ. ಹುಡುಗಿ ಗ್ಯಾ ಊರಿನ ಕಥೆ ಹೇಳಿದಳು. ಸ್ತೂಪಗಳ ಸ್ಪರ್ಧೆ ನಡೆದ ಒಂದು ವರ್ಷ ಅಲ್ಲಿಯ ಯುವಕರು ಸ್ತೂಪದ ಬುಡದಲ್ಲೇ ಕೆಫೆ ನಡೆಸಿ, ಬಂದ ದುಡ್ಡಿನಲ್ಲಿ ಊರಿನ ಹಿರಿಯರನ್ನು ತೀರ್ಥಯಾತ್ರೆಗೆ ಕಳಿಸಿದ್ದರು. "ದುಡ್ಡು ಇಲ್ಲೇ ಸಿಕ್ಕರೆ ಲೇಹ್‌ಗೆ ಯಾಕೆ ಹೋಗ್ತಾರೆ?" ಅಂದಳು. ಉತ್ತರ ಚೆನ್ನಾಗಿದೆ. ಎಲ್ಲ ಊರಿಗೂ ಹೊಂದುತ್ತಾ ಅನ್ನೋ ಅನುಮಾನ ನನಗಿದೆ.

ಬೆಳಿಗ್ಗೆ ಊರಿನ ಚುರ್ಪೊನ್ ಬಂದರು. ಯಾರ ಹೊಲಕ್ಕೆ ಯಾವಾಗ ನೀರು ಅಂತ ಪಾಳಿ ನಡೆಸುವವರು. ಎಲ್ಲರೂ 'ಮೇಮೇ-ಲೆ', ಅಂದರೆ ಅಜ್ಜನವರೇ, ಅಂತ ಎದ್ದು ನಿಂತು ಒಲೆ ಹತ್ತಿರ ಜಾಗ ಬಿಟ್ಟರು. ಕೆಳಗಿನ ಊರಿನವರ ತಕರಾರು ತಂದಿದ್ದರು ಅವರು. ಚಳಿಗಾಲದ ನೀರು ಹೇಗೂ ಸುಮ್ನೆ ಸಿಂಧೂ ಸೇರುತ್ತೆ ಅನ್ನೋದು ಈ ತಂಡದ ವಾದ. ನಮ್ಮ ದನಕ್ಕೆ, ಒರತೆಗೆ ಆ ನೀರೇ ಆಧಾರ ಅನ್ನೋದು ಕೆಳಗಿನ ಊರಿನವರ ವಾದ. ಫ್ಯಾಂಗ್ ಸ್ತೂಪದ ಬಗ್ಗೆಯೂ ಹಿಂದೆ ಇಂಥದೇ ತಕರಾರು ಎದ್ದಿತ್ತು. ಹುಡುಗಿ ವಾದಕ್ಕೆ ಹೋಗಲಿಲ್ಲ. ಹಗಲು ಕಾರಂಜಿ ನಿಲ್ಲಿಸ್ತೀವಿ, ಕತ್ತಲಾದ ಮೇಲೆ ಮಾತ್ರ ಬಿಡ್ತೀವಿ ಅಂತ ನೋಟ್‌ಬುಕ್ ತೋರಿಸಿದಳು. ಮೇಮೇ-ಲೆ ಪುಟ ತಿರುಗಿಸಿ ನೋಡಿ, ಅವರನ್ನ ಕೇಳಿ ಹೇಳ್ತೀನಿ ಅಂದರು. ಇನ್ನೂ ಇತ್ಯರ್ಥ ಆಗಿಲ್ಲ, ಅದಕ್ಕೇ ಊರ ಹೆಸರು ಬೇಡ.

ಹೊರಡುವಾಗ ಹುಡುಗಿ ಒಂದು ಮಾತು ಅಂದಳು: "ಇದು ನೀರು ಹುಟ್ಟಿಸಲ್ಲ. ಜನವರಿ ನೀರನ್ನ ಏಪ್ರಿಲ್‌ಗೆ ಎತ್ತಿಡುತ್ತೆ ಅಷ್ಟೇ. ಮೇಲಿನ ಹಿಮವೇ ಹೋದರೆ ಪೈಪಿಗೆ ಏನು ಬಿಡೋದು?"

ಹೋಗುವವರಿಗೆ ಒಂದೆರಡು ಮಾತು. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರಗಳು ಒಳ್ಳೆಯ ಕಾಲ. ಸ್ತೂಪ ಬೆಳೆದಿರುತ್ತೆ, ಕರಗಲು ಶುರುವಾಗಿರಲ್ಲ. ವಿಡಿಯೋ ಬೇಕು ಅಂತ ಹಗಲಲ್ಲಿ ಕಾರಂಜಿ ಬಿಡಿಸಬೇಡಿ. ಡೇರೆಗೆ ಕರೆದರೆ ಬರಿಗೈಯಲ್ಲಿ ಹೋಗಬೇಡಿ: ಟಾರ್ಚಿನ ಸೆಲ್ಲು, ಉಣ್ಣೆಯ ಕೈಗವಸು ಒಯ್ಯಿರಿ. ಚಹಾಪುಡಿಯೂ ಇರಲಿ, ಅವರ ಕೆಟಲ್ ಯಾವಾಗ ಪೈಪಿನ ಪಾಲಾಗುತ್ತೋ ಹೇಳಕ್ಕಾಗಲ್ಲ.