ಎಲ್ಲರೂ 5000ಕ್ಕೇ ಬಂದರೆ?

ಮಳೆಗಾಲದ ಒಂದು ಶನಿವಾರ. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಲ್ಯಾಬಿನಲ್ಲಿ ಸಾಕೆಟ್ ಪ್ರೋಗ್ರಾಮಿಂಗ್ ನಡೆದಿತ್ತು. ಸಾಕೆಟ್ ಅಂದರೆ ನೆಟ್‌ವರ್ಕಿನಲ್ಲಿ ಮಾತಾಡಲು ಪ್ರೋಗ್ರಾಮ್ ತೆರೆದುಕೊಳ್ಳುವ ತುದಿ. ಸಿ ಭಾಷೆಯಲ್ಲಿ ಬರೆದ ಸಣ್ಣ ಚಾಟ್ ಸರ್ವರ್, ಅದರ ಪೋರ್ಟ್ (ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮಿಗೆ ಅಂತ ಹೇಳುವ ಬಾಗಿಲಿನಂಥ ಸಂಖ್ಯೆ) 5000. ಗದಗದಿಂದ ರೈಲಿನಲ್ಲಿ ಓಡಾಡುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಎಲ್ಲಾರೂ 5000ಕ್ಕ ಬಂದ್ರ ಗದ್ಲ ಆಗಂಗಿಲ್ಲೇನ್ರಿ? ಆಕ್ಸೆಪ್ಟ್ ಆದಮ್ಯಾಲೆ ಸರ್ವರ್ ಒಬ್ಬೊಬ್ಬರಿಗೂ ಬ್ಯಾರೆ ಪೋರ್ಟ್ ಕೊಡ್ತದ, ಹೌದಲ್ರಿ?"

ಬಂದ ಜೋಡಣೆಯನ್ನು ಸರ್ವರ್ ಒಪ್ಪಿಕೊಳ್ಳುವುದೇ ಆಕ್ಸೆಪ್ಟ್; ಆಗ ಹೊಸ ಪೋರ್ಟ್ ಸಿಗುತ್ತದೆ ಎಂದೇ ತುಂಬಾ ಜನ ನಂಬಿದ್ದಾರೆ. ಹಾಗೆ ಬರೆದ ನೋಟ್ಸೂ ಓಡಾಡುತ್ತವೆ. ಬಾಯಲ್ಲಿ ಹೇಳುವುದಕ್ಕಿಂತ ನೋಡಿಬಿಡೋಣ ಎಂದೆ. ಅವಳ ಕಂಪ್ಯೂಟರಿನಲ್ಲೇ ಎರಡು ಕ್ಲೈಂಟ್ (ಸರ್ವರಿಗೆ ಜೋಡಿಸಿಕೊಳ್ಳುವ ಪ್ರೋಗ್ರಾಮ್) ಓಡಿಸಿದಳು. ನಾನು ಸರ್ವರಿನಲ್ಲಿ ಸಾಕೆಟ್ಟುಗಳ ಪಟ್ಟಿ ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟೆ. ಕಾಯುತ್ತಾ ಕೂತ ಸಾಕೆಟ್ 5000. ಜೋಡಣೆಯಾದ ಎರಡೂ ಸಾಲುಗಳಲ್ಲಿ ನಮ್ಮ ಕಡೆಯದು 5000. ಅವಳ ಕಡೆ ಮಾತ್ರ 41872 ಮತ್ತು 41874. ಹೊಸ ಪೋರ್ಟ್ ಸರ್ವರಿನಲ್ಲಿ ಎಲ್ಲೂ ಇರಲಿಲ್ಲ.

ಆಕ್ಸೆಪ್ಟ್ ಕೊಡುವುದು ಹೊಸ ಸಾಕೆಟ್, ಹೊಸ ಪೋರ್ಟ್ ಅಲ್ಲ. ಎರಡೂ ಕಡೆಯ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ), ಎರಡೂ ಕಡೆಯ ಪೋರ್ಟ್, ಈ ನಾಲ್ಕನ್ನೂ ಸೇರಿಸಿ ನೋಡಿಯೇ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಯಾವ ಪ್ಯಾಕೆಟ್ ಯಾವ ಸಾಕೆಟ್ಟಿಗೆ ಅಂತ ತೀರ್ಮಾನಿಸುತ್ತದೆ. ನಾಲ್ಕರಲ್ಲಿ ಒಂದು ಬೇರೆಯಾದರೂ ಸಾಕು, ಗದ್ದಲವಿಲ್ಲ.

"41872 ನಾ ಬರದೇ ಇಲ್ಲಲ್ರಿ" ಅಂದಳು. ನಿಜ, ಕ್ಲೈಂಟಿನಲ್ಲಿ ಪೋರ್ಟನ್ನು ಗೊತ್ತುಮಾಡುವ ಬೈಂಡ್ ಇರಲಿಲ್ಲ. ಕನೆಕ್ಟ್ ಅಂದಾಗ ಕರ್ನೆಲ್ಲೇ ಖಾಲಿ ಇರುವ ಪೋರ್ಟ್ ಒಂದನ್ನು ಆರಿಸುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 32768ರಿಂದ 60999ರೊಳಗೆ. ಸರ್ವರಿನ ಪೋರ್ಟ್ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಕ್ಲೈಂಟ್ ಎಲ್ಲಿಗೆ ಹೋಗಬೇಕು? ಕ್ಲೈಂಟಿನದು ಯಾವುದಾದರೂ ಆದೀತು. ಬಂದ ಪ್ಯಾಕೆಟ್ಟಿನಲ್ಲೇ ಅದು ಬರೆದಿರುತ್ತದೆ, ಸರ್ವರ್ ಅಲ್ಲಿಗೇ ಉತ್ತರ ಕಳಿಸುತ್ತದೆ.

ಹಿಂದಿನ ಬೆಂಚಿನ ಹುಡುಗ ಬಿಡಲಿಲ್ಲ. "ಹಂಗಾದ್ರ 65535 ಮಂದಿ ಅಷ್ಟ ಬರಬಹುದೇನ್ರಿ ಸರ್?" ಒಳ್ಳೆ ಪ್ರಶ್ನೆ ಅಲ್ವಾ! ಪೋರ್ಟ್ ಸಂಖ್ಯೆಗೆ 16 ಬಿಟ್, ಹಾಗಾಗಿ 65535 ದಾಟುವುದಿಲ್ಲ. ಆದರೆ ಆ ಮಿತಿ ಒಂದು ಕ್ಲೈಂಟ್ ಐಪಿಯಿಂದ ಸರ್ವರಿನ ಒಂದು ಪೋರ್ಟಿಗೆ ಹೋಗುವ ಜೋಡಣೆಗಳಿಗೆ ಮಾತ್ರ. ಬೇರೆ ಐಪಿಯಿಂದ ಅದೇ 41872 ಬಂದರೂ ನಡೆಯುತ್ತದೆ. ಸರ್ವರಿಗೆ ನಿಜವಾದ ಅಡ್ಡಿ ಮೆಮೊರಿ ಮತ್ತು ತೆರೆದ ಫೈಲುಗಳ ಮಿತಿ. ಪ್ರತಿ ಸಾಕೆಟ್ಟೂ ಒಂದು ತೆರೆದ ಫೈಲ್ ಎಂದೇ ಲೆಕ್ಕ. ನಮ್ಮ ಲ್ಯಾಬಿನಲ್ಲಿ ಫೈಲುಗಳ ಮಿತಿ 1024 ಇತ್ತು. ಹುಡುಗ ತಾನೇ ಕಮಾಂಡ್ ಕೊಟ್ಟು ನೋಡಿದ.

ಬೆಲ್ ಆದಮೇಲೂ ಗದಗದ ಹುಡುಗಿಗೆ ಸಮಾಧಾನವಿರಲಿಲ್ಲ. "ಯುಡಿಪಿಯೊಳಗ ಆಕ್ಸೆಪ್ಟ್ ಇಲ್ಲಲ್ರಿ, ಅಲ್ಲಿ ಹೆಂಗ?" ಯುಡಿಪಿ ಅಂದರೆ ಮೊದಲು ಜೋಡಣೆ ಮಾಡಿಕೊಳ್ಳದೆ ನೇರವಾಗಿ ಪ್ಯಾಕೆಟ್ ಕಳಿಸುವ ವಿಧಾನ. ಅಲ್ಲಿ ಎಲ್ಲರಿಗೂ ಒಂದೇ ಸಾಕೆಟ್ ಸಾಕು ಎಂದೆ. ಯಾರಿಂದ ಬಂತು ಅನ್ನುವುದನ್ನು ರಿಸೀವ್‌ಫ್ರಮ್ ಪ್ರತಿ ಸಲವೂ ತಿಳಿಸುತ್ತದೆ. ಆ ಕೋಡನ್ನು ಅವಳೇ ಬರೆಯಲು ಕೂತಳು.