ಹಳೇ ಡಬ್ಬಿ, ಹೊಸ ಲೆಕ್ಕ

ಮೂರು ದಿನ ಆತು ನೋಡ್ರಿ, ಪಿಸಿ ಅಪ್‌ಗ್ರೇಡ್ ಲೆಕ್ಕದಾಗೇ ಮುಳುಗೀನಿ. ನಂದು ಹಳೇ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 4 ಜಿಬಿದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, ಈಗಿನ ಗೇಮ್ ಹಚ್ಚಿದ್ರ ಎತ್ತಿನ ಬಂಡಿಗತೆ ಹೊಂಟದ. ಎಎಂ5ಗೆ, ಅಂದ್ರ ಹೊಸ ಪ್ರೊಸೆಸರ್ ಕೂಡಿಸೋ ಸಾಕೆಟ್ಟಿಗೆ, ಹೋಗ್ಬೇಕಂದ್ರ ಬೋರ್ಡೂ ಹೊಸದು, ಡಿಡಿಆರ್5 ರ‍್ಯಾಮೂ ಹೊಸದು, ಅದು ರಿಪೇರಿ ಅಲ್ಲ ಹೊಸ ಮನಿ ಕಟ್ಟಿಸಿದಂಗ. ಅದಕ್ಕ ಇದೇ ಬೋರ್ಡಿಗೆ ಅದರೊಳಗಿನ ಸಾಫ್ಟ್‌ವೇರ್ ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಪ್ರೊಸೆಸರ್ ಕೂಡಿಸೋದಂತ ಫಿಕ್ಸ್ (ಅಪ್‌ಡೇಟ್ ಮೊದಲು, ಚಿಪ್ ಆಮ್ಯಾಲ, ಉಲ್ಟಾ ಮಾಡಿದ್ರ ಸ್ಕ್ರೀನ್ ಕರ್ರಗೇ ಕುಂದ್ರಬಹುದು).

ಗ್ರಾಫಿಕ್ಸ್ ಕಾರ್ಡೇ ತಲಿಬ್ಯಾನಿ. ಮನಸ್ಸು 12 ಜಿಬಿ ಆರ್‌ಟಿಎಕ್ಸ್ 3060 ಮ್ಯಾಲ ಅದ, ಆದ್ರ ಅದು 170 ವ್ಯಾಟ್ ತಿಂತದ, ಆರ್‌ಎಕ್ಸ್ 6600 ಆದ್ರ 132ರಾಗ ಮುಗಸ್ತದ, ನಮ್ಮ ಕಲಬುರಗಿ ಬ್ಯಾಸಗ್ಯಾಗ ಹೊರಗ 42 ಡಿಗ್ರಿ ಇದ್ದಾಗ ರೂಮಿನಾಗ ಇನ್ನೊಂದು ಒಲಿ ಯಾಕ ಹಚ್ಚಬೇಕ್ರಿ, ಮೊದಲೇ ಕೂಲರ್ ಗಾಳಿನೂ ಬಿಸಿ ಬರ್ತದ. ನಿನ್ನಿ ಸೂಪರ್ ಮಾರ್ಕೆಟ್ ಏರಿಯಾ ಕಡಿ ಹೋದಾಗ ಕಂಪ್ಯೂಟರ್ ಅಂಗಡಿ ಅಣ್ಣ ಒಂದೇ ಮಾತು ಕೇಳಿದ, "ತಮ್ಮಾ, ಎಸ್‌ಎಂಪಿಎಸ್ ಯಾವ್ದದ?" ಅಂದ್ರ ಪಿಸಿಗೆ ಕರೆಂಟ್ ಕೊಡೋ ಡಬ್ಬಿ. ಕ್ಯಾಬಿನೆಟ್ ಜೋಡಿ ಬಂದಿದ್ದು ಅಣ್ಣಾ, ಹೆಸರೇ ಇಲ್ಲ ಅದಕ್ಕ, ಅಂದೆ. ನಕ್ಕಬಿಟ್ಟ. ನನ್ನ 1650ಗೆ ಬ್ಯಾರೆ ಪವರ್ ವಾಯರೇ ಬೇಕಿರ್ಲಿಲ್ಲ, ಅದಕ್ಕ ಆ ಡಬ್ಬಿ ಹೆಂಗದಂತ ಇಷ್ಟು ದಿನ ಗೊತ್ತಾಗಿಲ್ಲ. ಈಗ ಎಲ್ಲಕ್ಕಿಂತ ಮೊದಲು ಹೊಸ ಎಸ್‌ಎಂಪಿಎಸ್ಸೇ ತಗೋಬೇಕು, ಗೇಮಿನಾಗ ಒಂದು ಫ್ರೇಮೂ ಹೆಚ್ಚಾಗಲ್ಲ ಅದರಿಂದ, ಆದ್ರೂನು.

ಅಪ್ಪ ಹಳೇ ಟ್ರ್ಯಾಕ್ಟರಿಗೆ ವರ್ಷಕ್ಕೊಂದು ಪಾರ್ಟ್ ಹಾಕಸ್ತಿದ್ರ ನಾ ನಗ್ತಿದ್ದೆ, ಮಾರಿಬಿಡು ಅಂತಿದ್ದೆ. ಈಗ ನಂದೂ ಅದೇ ಕಥಿ. ರೊಕ್ಕ ಅವನಿಗೇ ಕೇಳ್ಬೇಕು, ತೊಗರಿ ರೇಟು ನೋಡ್ಕೊಂಡು.