ಕ ಮತ್ತು ಪ ಒಂದೇ ಉಸಿರಲ್ಲಿ

ತೀರ್ಥಹಳ್ಳಿಯ ಮಳೆಗಾಲದಲ್ಲಿ ಸಂಜೆ ಕರೆಂಟ್ ಇದ್ದರೆ ನಾನು ಅವಟಿಮೆ ಭಾಷೆಯ ರೆಕಾರ್ಡಿಂಗ್ ಕೇಳುತ್ತೇನೆ. ಘಾನಾದ ವೋಲ್ಟಾ ಪ್ರದೇಶದ ಗುಡ್ಡಗಳಲ್ಲಿ, ಅಮೆಡ್ಜೋಫೆ ಸುತ್ತಮುತ್ತಲಿನ ಕೆಲವೇ ಊರುಗಳಲ್ಲಿ ಆಡುವ ಪುಟ್ಟ ಭಾಷೆ ಅದು.

ಮೊದಲು ನನ್ನ ಕಿವಿ ಹಿಡಿದದ್ದು 'ಕ್ಪ', 'ಗ್ಬ'. ನಾವು ಹೇಳಿದರೆ ಕ ಮೊದಲು, ಪ ಆಮೇಲೆ ಬರುತ್ತದೆ. ಅವರಲ್ಲಿ ಹಾಗಲ್ಲ. ನಾಲಿಗೆಯ ಹಿಂಭಾಗ ಮೇಲೆ ಅಂಟಿರುವಾಗಲೇ ತುಟಿಯೂ ಮುಚ್ಚಿರುತ್ತದೆ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಿಡುತ್ತವೆ. ಕೇಳೋಕೆ ಎಷ್ಟು ಚಂದ!

ಆದರೆ ನನಗೆ ಜಾಸ್ತಿ ಇಷ್ಟ ಅದರ ಸ್ವರಗಳು. ಒಟ್ಟು 9. ಒಮ್ಮೆ 'ಕೊಡ' ಅನ್ನಿ, ಆಮೇಲೆ 'ಕೊಡು' ಅನ್ನಿ. ಮೊದಲನೆಯದರಲ್ಲಿ ಒ ಸ್ವಲ್ಪ ತೆರೆದುಕೊಳ್ಳುತ್ತದೆ, ಅಲ್ವಾ? ಮುಂದಿನ ಸ್ವರ ಅದನ್ನು ಎಳೆಯುತ್ತದೆ, ನಮಗೆ ಅದು ಗೊತ್ತೂ ಆಗುವುದಿಲ್ಲ, ಬರವಣಿಗೆಯಲ್ಲೂ ಬೇರೆ ಅಕ್ಷರ ಬೇಕಿಲ್ಲ. ಅವಟಿಮೆಯಲ್ಲಿ ಆ ಎರಡು ಒ ಬೇರೆ ಬೇರೆ ಸ್ವರಗಳೇ. ಇ, ಎ, ಉಗಳಿಗೂ ಹೀಗೆ ಜೋಡಿ ಇದೆ. ನಾಲಿಗೆಯ ಬುಡ ಮುಂದೆ ಸರಿದಾಗ ಬರುವ ಸ್ವರಗಳದ್ದು ಒಂದು ಗುಂಪು, ಸರಿಯದಾಗ ಬರುವವು ಇನ್ನೊಂದು, ಅ ಈ ಎರಡನೆಯದಕ್ಕೆ ಸೇರಿದ್ದು. ಸಾಮಾನ್ಯವಾಗಿ ಒಂದು ಪದದೊಳಗೆ ಈ ಗುಂಪುಗಳು ಬೆರೆಯುವುದಿಲ್ಲ, ನಾಮಪದದ ಆರಂಭದಲ್ಲಿ ಸೇರುವ ಚೂರು ಕೂಡ ಪದ ಯಾವ ಗುಂಪಿನದು ಅಂತ ನೋಡಿಕೊಂಡು ತನ್ನ ಸ್ವರ ಬದಲಾಯಿಸಿಕೊಳ್ಳುತ್ತದೆ.

ಇದರ ಮೇಲೆ ದನಿಯ ಏರಿಳಿತ ಬೇರೆ, ಅದರಿಂದಲೂ ಅರ್ಥ ಬದಲಾಗುತ್ತದೆ. ಸಣ್ಣ ಭಾಷೆ ಅಂದರೆ ಸರಳ ಭಾಷೆ ಅಂದುಕೊಳ್ಳುವವರು ಇದನ್ನೊಮ್ಮೆ ಕೇಳಬೇಕು. ಸದ್ಯ ನಾನು 'ಗ್ಬ' ಅಭ್ಯಾಸ ಮಾಡುತ್ತಿದ್ದೇನೆ.